ಡಿಕ್ಕಿಯಲ್ಲಿ ಅತ್ತೆ

ನಮ್ಮ ಕಾರಿನ ಡಿಕ್ಕಿಯಲ್ಲಿ ನೀರು ನಿಲ್ಲುತ್ತದೆ ಎಂದು ಗೊತ್ತಾಗುವ ಮೊದಲು ಒಂದು ತಿಂಗಳು ನಾನು ನನ್ನ ಗಂಡನ ಮಜ್ಜಿಗೆಯನ್ನು ಬೈದಿದ್ದೆ. ಗಣೇಶನ ಹಬ್ಬಕ್ಕೆ ಹ್ಯಾಂಬರ್ಗಿನ ಕನ್ನಡದವರೆಲ್ಲ ಸೇರಿ ಊಟ ಇಟ್ಟುಕೊಂಡಿದ್ದೆವು. ಮಜ್ಜಿಗೆಯ ಪಾತ್ರೆ ನಮ್ಮ ಕಾರಿನಲ್ಲಿ ಹೋಗಿತ್ತು, ಅದರ ಮುಚ್ಚಳ ಕಟ್ಟಿದವನು ಅವನು. ಅಕ್ಟೋಬರಿನಲ್ಲಿ ಡಿಕ್ಕಿ ತೆಗೆದರೆ ಸಾಕು, ಹುಳಿ ವಾಸನೆ ಗಪ್ಪೆಂದು ಮೂಗಿಗೆ ಹೊಡೆಯುತ್ತಿತ್ತು. ಇನ್ಯಾರನ್ನು ಬೈಯುವುದು?

"ಒಂದು ತೊಟ್ಟೂ ಚೆಲ್ಲಿಲ್ಲ ಕಣೆ," ಎಂದು ಅವನು ಪ್ರತಿಸಲವೂ ಹೇಳುತ್ತಿದ್ದ. ಚೆಲ್ಲಿದವರೆಲ್ಲ ಹಾಗೇ ಹೇಳುವುದು ಎಂದು ನಾನು ಕಾರ್ಪೆಟ್ಟನ್ನು ಎರಡು ಸಲ ಸೋಪು ಹಾಕಿ ತಿಕ್ಕಿದೆ. ವಾಸನೆ ಹೋಗಲಿಲ್ಲ. ನವೆಂಬರಿನ ಒಂದು ಬೆಳಿಗ್ಗೆ ತಿರುವಿನಲ್ಲಿ ಸ್ಟೀರಿಂಗ್ ತಿರುಗಿಸಿದಾಗ ಹಿಂದಿನಿಂದ ಗುಳುಗುಳು ಸದ್ದು ಕೇಳಿಸಿತು. ಕಾರು ನಿಲ್ಲಿಸಿ ಡಿಕ್ಕಿಯ ನೆಲದ ಹಲಗೆ ಎತ್ತಿ ನೋಡಿದರೆ, ಸ್ಟೆಪ್ನಿ ಇಡುವ ಗುಂಡಿಯ ತುಂಬ ನೀರು. ಕೆರೆಯಲ್ಲಿ ಎಮ್ಮೆ ಮಲಗಿದ ಹಾಗೆ ಸ್ಟೆಪ್ನಿ ಅದರಲ್ಲಿ ಆರಾಮವಾಗಿ ಮಲಗಿತ್ತು. ಮಜ್ಜಿಗೆಯ ಆರೋಪವನ್ನು ಅವತ್ತು ಹಿಂದಕ್ಕೆ ತೆಗೆದುಕೊಂಡೆ. ಕ್ಷಮೆ ಮಾತ್ರ ಕೇಳಲಿಲ್ಲ.

ಈ ಕಾರಿನ ಮೇಲೆ ನನಗೆ ಎಷ್ಟು ಮಮತೆ ಎಂದು ಹೇಳದಿದ್ದರೆ ಮುಂದಿನದು ಯಾರಿಗೂ ಅರ್ಥವಾಗುವುದಿಲ್ಲ. ಅದು ಹಳೆಯ ಕಾರು. ಹಿಂದೆ ಗಾಜಿನ ಬಾಗಿಲಿರುವ ಉದ್ದನೆಯ ಡಿಕ್ಕಿ, ಬಣ್ಣ ಯಾರೂ ತಿರುಗಿ ನೋಡದ ಬೂದಿ ಬಣ್ಣ. ಆದರೆ ಮೈಸೂರಿನಲ್ಲಿ ಸ್ಕೂಟಿಯನ್ನೂ ಮುಟ್ಟದವಳು ನಾನು. ಇಲ್ಲಿಗೆ ಬಂದು, ನಲವತ್ತೊಂದನೆಯ ವಯಸ್ಸಿನಲ್ಲಿ, ಎರಡು ಸಲ ಡ್ರೈವಿಂಗ್ ಪರೀಕ್ಷೆಯಲ್ಲಿ ಫೇಲಾಗಿ, ಮೂರನೆಯ ಸಲ ಪಾಸಾದವಳು. ನಾನು ಕೆಲಸ ಮಾಡುವ ಪ್ರಯೋಗಾಲಯ ಎಲ್ಬೆ ನದಿಯ ಆಚೆ, ಊರು ಮುಗಿಯುವ ಕಡೆ ಇದೆ. ಹಾಲು, ಚೀಸು, ಮಾಂಸಗಳ ಸ್ಯಾಂಪಲ್ ಪರೀಕ್ಷೆ ಮಾಡುವ ಕೆಲಸ. ಶಿಫ್ಟ್ ಆರು ಗಂಟೆಗೆ ಶುರು. ಆ ಕಡೆಗೆ ಮೊದಲ ಬಸ್ಸು ಹೋಗುವುದೇ ಆರರ ಮೇಲೆ. ಕಾರು ಇದ್ದರೆ ಕೆಲಸ, ಇಲ್ಲದಿದ್ದರೆ ಇಲ್ಲ.

ಚಳಿಗಾಲದಲ್ಲಿ ಕಾರಿನ ಒಳಗಿನ ತೇವವೆಲ್ಲ ಗಾಜಿಗೆ ಹತ್ತಿ ಮಂಜುಗಟ್ಟತೊಡಗಿತು. ಎಲ್ಲರೂ ಹೊರಗಿನಿಂದ ಗಾಜು ಕೆರೆದರೆ ನಾನು ಒಳಗಿನಿಂದ ಕೆರೆಯುತ್ತಿದ್ದೆ. ಜನವರಿಯಲ್ಲಿ ಗುಂಡಿಯ ನೀರು ಹೆಪ್ಪುಗಟ್ಟಿ ಜಾಕು ಮಂಜುಗಡ್ಡೆಯಲ್ಲಿ ಸಿಕ್ಕಿಕೊಂಡಿತು. ಫೆಬ್ರವರಿಯ ಒಂದು ಮುಂಜಾನೆ ಗಾಜು ಮಸುಕಾಗಿದ್ದರಿಂದ ಸೈಕಲ್ಲಿನಲ್ಲಿ ಬರುತ್ತಿದ್ದ ಒಬ್ಬರು ನನಗೆ ಕಂಡಿದ್ದು ಬಹಳ ಹತ್ತಿರ ಬಂದ ಮೇಲೆ. ಏನೂ ಆಗಲಿಲ್ಲ. ಆದರೆ ಬುದ್ಧಿಯಿಲ್ಲದೆ ಅದನ್ನು ಮನೆಯಲ್ಲಿ ಹೇಳಿಬಿಟ್ಟೆ.

"ಸಾಕು. ಒಳಗಿಂದ ಫಾಗ್ ಆಗೋ ಕಾರಲ್ಲಿ ನೀನು ಓಡಾಡೋದು ಬೇಡ," ಎಂದ ನನ್ನ ಗಂಡ. ಅವನು ಸಾಫ್ಟ್‌ವೇರಿನವನು, ಎಸ್-ಬಾನ್ ರೈಲಿನಲ್ಲಿ ಆಫೀಸಿಗೆ ಹೋಗಿ ಬರುತ್ತಾನೆ. ಕಾರಿನ ಮೇಲೆ ಅವನಿಗೆ ಪ್ರೀತಿಯೂ ಇಲ್ಲ, ದ್ವೇಷವೂ ಇಲ್ಲ. ಗ್ಯಾರೇಜಿನವನೊಬ್ಬ ಹಿಂದಿನ ಲೈಟಿನಿಂದ ನೀರು ಬರುತ್ತಿದೆ ಎಂದು ಅದರ ವಾಷರ್ ಬದಲಾಯಿಸಿದ. ಮತ್ತೆ ಮಳೆ ಬಂತು, ಮತ್ತೆ ಗುಂಡಿ ತುಂಬಿತು. ಹ್ಯಾಂಬರ್ಗಿನಲ್ಲಿ ಮಳೆಗೆ ಕಾಯಬೇಕಾದ ಕಷ್ಟವಿಲ್ಲ. ಏಪ್ರಿಲಿನಲ್ಲಿ ಗಂಡ ಕಾರನ್ನು ಮಾರಾಟಕ್ಕೆ ಹಾಕಿದ. "ಮಂಡೇ ಸಂಜೆ ಒಬ್ಬರು ಬಂದು ನೋಡ್ತಾರೆ. ಅಷ್ಟರೊಳಗೆ ಲೀಕ್ ಎಲ್ಲಿದೆ ಅಂತ ನೀನು ಕಂಡುಹಿಡಿದ್ರೆ ಇಟ್ಕೊಳ್ಳೋಣ. ಪ್ರಾಮಿಸ್," ಎಂದ. ಅವನು ಹೇಳಿದ್ದು ಸರಿಯಾಗಿತ್ತು. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು.

ಆಗ ಮನೆಯಲ್ಲಿ ಅತ್ತೆ ಇದ್ದರು. ಮಾರ್ಚ್ ಕೊನೆಯಲ್ಲಿ ಮೂರು ತಿಂಗಳ ವೀಸಾದಲ್ಲಿ ಬಂದಿದ್ದರು. ಅದು ಅವರ ಎರಡನೆಯ ಬರವು; ಹಿಂದಿನ ವರ್ಷದ ಬೇಸಿಗೆಯಲ್ಲೂ ಬಂದಿದ್ದರು. ನಾನು ಪಾಸಾಗಿ, ಕಾರು ಕೊಂಡಿದ್ದು ಆ ಮೊದಲ ಸಲ ಅವರಿದ್ದಾಗಲೇ. ಅವರನ್ನು ಹಿಂದಿನ ಸೀಟಿನಲ್ಲಿ ಕೂರಿಸುವುದು ಮರ್ಯಾದೆಯಲ್ಲ ಎಂದು ಮುಂದೆ, ನನ್ನ ಪಕ್ಕದಲ್ಲಿ ಕೂರಿಸಿಕೊಂಡು ಕರಿಬೇವು ತರಲು ನಮ್ಮವರ ಅಂಗಡಿಗೆ ಹೊರಟಿದ್ದೆ. ಸಣ್ಣ ರಸ್ತೆಗಳು ಕೂಡುವ ಕಡೆ ಇಲ್ಲಿ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕು. ಅಲ್ಲಿ ಬಲಗಡೆಯಿಂದ ಒಂದು ವ್ಯಾನು ಬಂತು. ನಾನು ಅದನ್ನು ನೋಡಿದ್ದೆ, ನಿಲ್ಲಿಸುತ್ತಲೂ ಇದ್ದೆ. ಅಷ್ಟರಲ್ಲಿ ಅತ್ತೆ "ಅಯ್ಯಯ್ಯೋ ರಾಮಾ!" ಎಂದು ಕಿಟಾರನೆ ಕಿರುಚಿದರು. ನಾನು ಬೆಚ್ಚಿ ಬ್ರೇಕಿನ ಬದಲು ಆಕ್ಸಿಲರೇಟರ್ ತುಳಿದು, ಮತ್ತೆ ಬ್ರೇಕ್ ತುಳಿದು, ಕಾರು ರಸ್ತೆಯ ನಟ್ಟನಡುವೆ ಆಫಾಗಿ ನಿಂತಿತು. ನಾಲ್ಕೂ ಕಡೆಯಿಂದ ಹಾರ್ನ್. ಸ್ಟೀರಿಂಗಿನ ಮೇಲೆ ನನ್ನ ಕೈ ಗಡಗಡ ನಡುಗುತ್ತಿತ್ತು.

"ನಿಮ್ಮ ಕಿರುಚಾಟಕ್ಕೆ ಇಬ್ರೂ ಸಾಯ್ತಿದ್ವಲ್ಲ ಅತ್ತೆ!" ಎಂದು ನಾನೂ ಕಿರುಚಿದೆ. ಮದುವೆಯಾಗಿ ಹದಿನಾಲ್ಕು ವರ್ಷದಲ್ಲಿ ಅವರ ಮೇಲೆ ದನಿ ಏರಿಸಿದ್ದು ಅದೇ ಮೊದಲು. ಆಮೇಲೆ ಅವರು ನನ್ನ ಕಾರು ಹತ್ತಲೇ ಇಲ್ಲ. "ಬಸ್ಸಲ್ಲೇ ಹೋಗ್ತೀನಿ, ಗಾಳಿ ಬರುತ್ತೆ," ಎನ್ನುತ್ತಿದ್ದರು. ಊರಿಗೆ ವಾಪಸ್ಸು ಹೊರಟ ದಿನ ವಿಮಾನ ನಿಲ್ದಾಣಕ್ಕೂ ಮಗನ ಜೊತೆ ರೈಲಿನಲ್ಲೇ ಹೋದರು. ಈ ಸಲ ಬಂದಾಗಲೂ ಅದೇ ಹಟ. ನನ್ನ ಡ್ರೈವಿಂಗ್ ಮೇಲೆ ನಂಬಿಕೆಯಿಲ್ಲ, ಅದನ್ನು ಬಾಯಿಬಿಟ್ಟು ಹೇಳುವ ಬದಲು ಹೀಗೆ ತೋರಿಸುತ್ತಿದ್ದಾರೆ ಎಂದು ನಾನು ಒಳಗೊಳಗೇ ಕುದಿಯುತ್ತಿದ್ದೆ. ಮೇಲೆ ಮಾತ್ರ ಇಬ್ಬರೂ ನಗುನಗುತ್ತಲೇ ಇದ್ದೆವು. ಒಬ್ಬರ ಸಾರನ್ನು ಒಬ್ಬರು ಹೊಗಳಿಕೊಂಡು ಕಾಲ ಹಾಕುತ್ತಿದ್ದೆವು.

ಶನಿವಾರ ಇಡೀ ದಿನ ಹಿಂದಿನ ಲೈಟುಗಳ ಸುತ್ತ ಸಿಲಿಕೋನ್ ಅಂಟು ಮೆತ್ತಿ ಕಳೆದೆ. ಸಂಜೆ ಹನಿಯಿತು, ಗುಂಡಿಯಲ್ಲಿ ಮತ್ತೆ ಒಂದು ಲೋಟ ನೀರು. ಭಾನುವಾರ ಗಂಡ ಕ್ರಿಕೆಟ್ ಆಡಲು ಹೋದ ಮೇಲೆ, ಮೊಬೈಲಿನಲ್ಲಿ ನೋಡಿಕೊಂಡ ವಿಧಾನವನ್ನು ಹಿಡಿದು ಅಂಗಳಕ್ಕೆ ಇಳಿದೆ. ವಿಧಾನ ಸುಲಭ. ಡಿಕ್ಕಿ ಪೂರ್ತಿ ಖಾಲಿ ಮಾಡಿ, ಕಾರ್ಪೆಟ್ ತೆಗೆದು, ಒಳಗಿನ ತಗಡನ್ನೆಲ್ಲ ಒರೆಸಿ ಒಣಗಿಸಬೇಕು. ಆಮೇಲೆ ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂರಬೇಕು, ಇನ್ನೊಬ್ಬರು ಹೊರಗಿನಿಂದ ನೀರು ಹೊಯ್ಯಬೇಕು. ಕೆಳಗಿನಿಂದ ಶುರು ಮಾಡಿ ಒಂದೊಂದೇ ಜಾಗ ಮೇಲಕ್ಕೆ ಹೋಗಬೇಕು. ಮೇಲಿನಿಂದ ಶುರು ಮಾಡಿದರೆ ನೀರು ಎಲ್ಲ ಕಡೆ ಇಳಿದು ಯಾವುದು ತೂತು ಎಂದು ಗೊತ್ತಾಗುವುದಿಲ್ಲ. ಹೇರ್ ಡ್ರೈಯರ್ ಹಿಡಿದು ಮೂಲೆಮೂಲೆ ಒಣಗಿಸಿದ ಮೇಲೆ ಹೊಳೆಯಿತು, ಒಳಗೆ ಕೂರುವವರು ಯಾರು? ನಾನು ಎತ್ತರದ ಹೆಂಗಸು. ಇತ್ತೀಚೆಗೆ ಅಗಲಕ್ಕೂ ಬೆಳೆದಿದ್ದೇನೆ.

ಅತ್ತೆ ಅಂಗಳದ ಬೆಂಚಿನ ಮೇಲೆ ಕೂತು ಹುರುಳಿಕಾಯಿ ಸೋಸುತ್ತಿದ್ದರು. ಅವರು ಐದಡಿಯೂ ಇಲ್ಲ. "ನಾನು ಹೋಗ್ತೀನಿ ಬಿಡೆ," ಎಂದರು.

"ನೀವು ಈ ಕಾರು ಹತ್ತಲ್ವಲ್ಲ ಅತ್ತೆ," ಎಂದೆ. ಚುಚ್ಚಿಯೇ ಅಂದೆ.

"ಅದು ಓಡೋ ಕಾರು. ಇದು ನಿಂತಿರೋ ಕಾರು," ಎಂದು ಸೆರಗು ಸಿಕ್ಕಿಸಿಕೊಂಡು ಎದ್ದೇಬಿಟ್ಟರು.

ಹಿಂದಿನ ಸೀಟುಗಳನ್ನು ಮಡಚಿ, ಚಾಪೆ ಹಾಸಿಕೊಟ್ಟೆ. ಸ್ವೆಟರ್, ಮಂಕಿ ಕ್ಯಾಪ್, ಕೈಯಲ್ಲಿ ಟಾರ್ಚ್. ಅತ್ತೆ ಕಾಲು ಮಡಚಿ ಸತ್ಯನಾರಾಯಣ ಪೂಜೆಗೆ ಕೂತ ಹಾಗೆ ಡಿಕ್ಕಿಯಲ್ಲಿ ಕೂತರು. ನಾನು ಬಾಗಿಲು ಮುಚ್ಚಿ, ಗಿಡಕ್ಕೆ ನೀರು ಹಾಕುವ ಕ್ಯಾನಿನಿಂದ ಹೊಯ್ಯತೊಡಗಿದೆ.

"ಬಂತಾ ಅತ್ತೆ?"

"ಇಲ್ಲಾ!"

ಎಡಗಡೆ ಲೈಟು, ಇಲ್ಲ. ಬಲಗಡೆ ಲೈಟು, ಇಲ್ಲ. ನಂಬರ್ ಪ್ಲೇಟಿನ ಮೇಲಿನ ದೀಪ, ಅದೂ ಇಲ್ಲ. ನಾನು ಐದನೆಯ ಸಲ ಕ್ಯಾನು ತುಂಬಿಸಿಕೊಂಡು ಬರುವಾಗ ಕೆಳಮನೆಯ ಯಜಮಾನರು ಕಾರಿನ ಪಕ್ಕ ನಿಂತಿದ್ದರು. ನಿವೃತ್ತರು. ಅಂಗಳದ ನಿಯಮಗಳನ್ನೆಲ್ಲ ಕಾಯುವ ಕೆಲಸವನ್ನು ಅವರಿಗೆ ಯಾರೂ ಕೊಟ್ಟಿಲ್ಲ, ಅವರೇ ತೆಗೆದುಕೊಂಡಿದ್ದಾರೆ. ಇಲ್ಲಿ ಕಾರು ತೊಳೆಯುವಂತಿಲ್ಲ, ಅದೂ ಭಾನುವಾರ, ಎಂದು ಜರ್ಮನ್ನಿನಲ್ಲಿ ಶುರು ಮಾಡಿದವರು ಅರ್ಧದಲ್ಲೇ ನಿಲ್ಲಿಸಿದರು. ಮಸುಕು ಗಾಜಿನ ಹಿಂದೆ, ಟಾರ್ಚಿನ ಬೆಳಕಿನಲ್ಲಿ, ಮಂಕಿ ಕ್ಯಾಪಿನೊಳಗಿನ ಒಂದು ಮುಖ ಅವರಿಗೆ ಕಂಡಿತ್ತು.

"ಒಳಗೆ ಒಬ್ಬರು ಇದ್ದಾರೆ," ಎಂದರು ಮೆಲ್ಲಗೆ.

"ಅವರು ನನ್ನ ಅತ್ತೆ," ಎಂದೆ. ಸೊಸೆಯಾದವಳು ಯಾವ ಭಾಷೆಯಲ್ಲಿ ಹೇಳಿದರೂ ಕೇಳಿದವರಿಗೆ ಸಮಾಧಾನ ಆಗುವ ಉತ್ತರವಲ್ಲ ಅದು. ಅವರ ಕೈ ಆಗಲೇ ಜೇಬಿನ ಫೋನಿನ ಕಡೆ ಹೋಗಿತ್ತು. ಪುಣ್ಯಕ್ಕೆ ಅತ್ತೆ ಒಳಗಿನಿಂದ ಟಾರ್ಚ್ ಸಮೇತ ಕೈ ಮುಗಿದು ಹಲ್ಲು ಬಿಟ್ಟರು. ನಾನು ನೀರಿನ ವಿಷಯವನ್ನು ಒಂದೇ ಉಸಿರಿನಲ್ಲಿ ವಿವರಿಸಿದೆ. ಸೋರುತ್ತಿದೆ ಎಂಬ ಮಾತು ಕೇಳಿದ್ದೇ ಯಜಮಾನರ ಮುಖವೇ ಬದಲಾಯಿತು. ಭಾನುವಾರ ಮರೆತುಹೋಯಿತು. ಒಣ ತಗಡಿನ ಮೇಲೆ ಮಕ್ಕಳಿಗೆ ಹಚ್ಚುವ ಪೌಡರ್ ಉದುರಿಸಿ, ನೀರು ಬಂದ ದಾರಿಯನ್ನು ಅದೇ ತೋರಿಸುತ್ತದೆ, ಎಂದರು. ಅರ್ಧ ಗಂಟೆಯಲ್ಲಿ ಮುಗಿಸಬೇಕೆಂದು ಕಟ್ಟುನಿಟ್ಟು ಮಾಡಿ, ತಮ್ಮ ಬಾಲ್ಕನಿಗೆ ಹೋಗಿ ನಮ್ಮನ್ನೇ ನೋಡುತ್ತ ನಿಂತರು.

ನಾನು ಮೊದಲು ಹಿಡಿದ ಕೆಲಸ ಮುಗಿಸೋಣವೆಂದು ಗಾಜಿನ ಅಂಚಿಗೆ ಹೊಯ್ದೆ. ಇಲ್ಲ. ಮೇಲೆ ಬಲಮೂಲೆ, ಇಲ್ಲ. ಮೇಲೆ ಎಡಮೂಲೆಗೆ ಹೊಯ್ದು, "ಬಂತಾ?" ಎಂದೆ. ಉತ್ತರವಿಲ್ಲ.

"ಅತ್ತೆ? ಬಂತಾ?"

"ಇಲ್ಲ," ಎಂದರು. ಆ ದನಿಯಲ್ಲಿ ಮೊದಲಿನ ಜೋರು ಇರಲಿಲ್ಲ. ಪಾಪ, ಕೂತೂ ಕೂತೂ ಸುಸ್ತಾಗಿರಬೇಕು ಎಂದುಕೊಂಡು ಅವರನ್ನು ಕೆಳಗಿಳಿಸಿದೆ.

ಮನೆಯಲ್ಲಿ ಮಕ್ಕಳ ಪೌಡರ್ ಇರಲಿಲ್ಲ. ಆದರೆ ಅತ್ತೆ ಮೈಸೂರಿನಿಂದ ತಂದ ರಂಗೋಲಿ ಪುಡಿಯ ಡಬ್ಬಿ ಇತ್ತು. ಮೂರನೆಯ ಮಹಡಿಯ ಮನೆಬಾಗಿಲಿಗೆ ದಿನಾ ಒಂದು ಎಳೆ ಎಳೆಯದಿದ್ದರೆ ಅವರಿಗೆ ಕಾಫಿ ಇಳಿಯುತ್ತಿರಲಿಲ್ಲ. ನಾನು ಡಬ್ಬಿ ತಂದಾಗ, "ರಂಗೋಲಿ ಪುಡೀನ ಯಾರಾದ್ರೂ ಡಿಕ್ಕಿಗೆ ಹಾಕ್ತಾರೇನೆ? ಬಿಡು ಅತ್ಲಾಗೆ. ಹಳೇ ಕಾರು, ಹೋದ್ರೆ ಹೋಗ್ಲಿ," ಎಂದರು. ನನಗೆ ಆ ಮಾತು ಚುರ್ರೆಂದಿತು. ಕೇಳಿಸದವಳ ಹಾಗೆ ಮತ್ತೆ ಒಳಗೆಲ್ಲ ಒರೆಸಿ, ಒಣಗಿಸಿ, ಡಿಕ್ಕಿ ಬಾಗಿಲಿನ ಸುತ್ತಲೂ ಒಳಗಿನ ತಗಡಿಗೆ ಮೇಲಿನಿಂದ ಕೆಳಗಿನವರೆಗೆ ಪುಡಿ ಸವರಿ, ಗುಂಡಿಯೊಳಗೂ ಉದುರಿಸಿದೆ. ಬಾಗಿಲು ಮುಚ್ಚಿ ಕ್ಯಾನು ಪೂರ್ತಿ ಸುರಿದೆ. ತೆಗೆದು ನೋಡಿದರೆ, ಬೆಳ್ಳನೆಯ ಪುಡಿಯ ಮೇಲೆ ಒಂದೇ ಒಂದು ಒದ್ದೆ ಗೆರೆ. ಮೇಲಿನ ಎಡಮೂಲೆಯಲ್ಲಿ ಹುಟ್ಟಿ, ಪಕ್ಕದ ತಗಡಿನ ಉದ್ದಕ್ಕೂ ಇಳಿದು, ನೇರವಾಗಿ ಸ್ಟೆಪ್ನಿಯ ಗುಂಡಿಗೆ ಹೋಗಿತ್ತು.

ನನಗೆ ಕುಣಿಯುವಷ್ಟು ಖುಷಿಯಾಗಬೇಕಿತ್ತು. ಬಂದಿದ್ದು ಸಿಟ್ಟು. "ನಿಮ್ಮ ಕಣ್ಮುಂದೇನೇ ಇಳಿದಿದೆ ಅತ್ತೆ. ಟಾರ್ಚ್ ಬೇರೆ ಇತ್ತು. ಯಾಕೆ ಇಲ್ಲ ಅಂದ್ರಿ?"

ಅತ್ತೆ ರಂಗೋಲಿ ಡಬ್ಬಿಯ ಮುಚ್ಚಳ ಹಾಕತೊಡಗಿದರು. ಕಾರು ಹೋಗಲಿ ಎಂದು ಇವರಿಗೂ ಇದೆ, ತಾಯಿ ಮಗ ಸೇರಿ ನನ್ನನ್ನು ಮನೆಯಲ್ಲಿ ಕೂರಿಸುತ್ತಾರೆ ಎಂದು ನನ್ನ ತಲೆ ಎಲ್ಲೆಲ್ಲಿಗೋ ಓಡಿತು. ಇನ್ನು ಮಾತಾಡಿದರೆ ಬಾಯಿ ಜಾರುತ್ತದೆ ಎಂದು ಹಲ್ಲು ಕಚ್ಚಿಕೊಂಡು, ಬಾಗಿಲ ಸುತ್ತ ಇರುವ ರಬ್ಬರ್ ಬೀಡಿಂಗನ್ನು ಆ ಮೂಲೆಯಲ್ಲಿ ಎಳೆಯಲು ಕೈ ಹಾಕಿದೆ.

"ತಡಿ. ನಾನೇ ತೆಗೀತೀನಿ," ಎಂದು ಅತ್ತೆ ನನ್ನ ಕೈ ಹಿಡಿದರು.

ಚಾಪೆಯ ಮೇಲೆ ಮಂಡಿಯೂರಿ, ಹುಡುಕುವ ಗೋಜಿಲ್ಲದೆ, ನೇರ ಆ ಜಾಗದಲ್ಲೇ ರಬ್ಬರನ್ನು ಎತ್ತಿ ಎರಡು ಬೆರಳು ತೂರಿಸಿದರು. ಹೊರಗೆ ಬಂದದ್ದು ಒಂದು ಚಪ್ಪಟೆ ಬಟ್ಟೆ ಗಂಟು, ಹೆಬ್ಬೆರಳ ತುದಿಯಷ್ಟು. ಒಂದು ಕಾಲದಲ್ಲಿ ಅರಿಶಿನದಲ್ಲಿ ಅದ್ದಿದ ಬಟ್ಟೆ ಎಂಬುದು ಮಡಿಕೆಯಲ್ಲಿ ಮಾತ್ರ ಗೊತ್ತಾಗುತ್ತಿತ್ತು, ಉಳಿದದ್ದೆಲ್ಲ ಕಪ್ಪು. ಬಿಚ್ಚಿದರೆ ಒಂದು ಚೂರು ಅರಿಶಿನದ ಕೊಂಬು, ಒಂದು ಚಿಟಿಕೆ ಅಕ್ಷತೆ. ಅಕ್ಷತೆಯ ಅಕ್ಕಿ ನೆನೆದು, ಕೊಳೆತು, ಬೂದು ಹಿಟ್ಟಾಗಿತ್ತು. ಅದರ ವಾಸನೆ ಮೂಗಿಗೆ ಬಿದ್ದ ತಕ್ಷಣ ಗುರುತು ಸಿಕ್ಕಿತು. ಗಂಡನ ಮಜ್ಜಿಗೆ ನಿರಪರಾಧಿ ಎಂದು ಆ ದಿನ ಪೂರ್ತಿಯಾಗಿ ಸಾಬೀತಾಯಿತು.

"ಹೋದ್ಸಲ ಊರಿಗೆ ಹೊರಟ ದಿನ ಇಟ್ಟಿದ್ದು," ಎಂದರು ಅತ್ತೆ, ಗಂಟನ್ನು ನೋಡುತ್ತ. "ಕಾರಿಗೆ ಪೂಜೆ ಮಾಡ್ತೀನಿ ಅಂದ್ರೆ ನಿನ್ನ ಗಂಡ ನಗಾಡ್ದ. ಚಕ್ರಕ್ಕೆ ಒಂದು ನಿಂಬೆಹಣ್ಣೂ ಇಡಕ್ಕೆ ಬಿಡ್ಲಿಲ್ಲ. ನೀವಿಬ್ರೂ ಮೇಲೆ ಸೂಟ್‌ಕೇಸ್ ತೂಕ ಮಾಡ್ತಿದ್ರಿ, ನಾನು ಡಿಕ್ಕೀಲಿ ಶಾಲು ಬಿಟ್ಟಿದೀನಿ ಅಂತ ಕೀ ಇಸ್ಕೊಂಡು ಬಂದೆ. ಯಾರ ಕಣ್ಣಿಗೂ ಬೀಳಬಾರದು ಅಂತ ರಬ್ಬರ್ ಒಳಗೆ ಸಿಕ್ಕಿಸ್ದೆ. ನೀರು ಬರುತ್ತೆ ಅಂತ ನಂಗೇನು ಗೊತ್ತು?"

"ಯಾಕತ್ತೆ ಇದೆಲ್ಲ?"

"ಇನ್ನೇನ್ ಮಾಡ್ಲಿ? ನಾನು ಪಕ್ಕದಲ್ಲಿ ಕೂತ್ರೆ ಕೂಗ್ಕೋತೀನಿ. ನಾನು ಕೂಗಿದ್ರೆ ನಿನ್ನ ಕೈ ನಡುಗುತ್ತೆ. ಅವತ್ತು ನೋಡಿದ್ನಲ್ಲ, ಹೆಂಗೆ ನಡುಗ್ತಿತ್ತು ಅಂತ. ಎರಡು ಸಲ ಫೇಲಾಗಿ, ಅತ್ತು ಕರೆದು ಕಲ್ತಿದೀಯ. ನನ್ನಿಂದ ನಿನ್ನ ಧೈರ್ಯ ಹೋಗೋದು ಬೇಡ ಅಂತ ಹತ್ತೋದೇ ಬಿಟ್ಟೆ. ಆದ್ರೂ ನಸುಕಲ್ಲಿ ಎದ್ದು ಒಬ್ಳೇ ಹೋಗ್ತೀಯಲ್ಲ, ಅದು ಮನಸ್ಸಿಗೆ ತಡೀಬೇಕಲ್ವಾ? ನನ್ನ ಬದಲು ಮನೆದೇವರ ಅಕ್ಷತೆ ಆದ್ರೂ ಜೊತೇಲಿರ್ಲಿ ಅಂತ." ಅತ್ತೆ ಮೂಗು ಒರೆಸಿಕೊಂಡರು, ಮೂಗಿಗೆಲ್ಲ ರಂಗೋಲಿ ಪುಡಿ ಮೆತ್ತಿತು. "ಒಳಗೆ ಕೂತಿದ್ದಾಗ ಆ ಮೂಲೆಯಿಂದ ಹನಿ ಬಿತ್ತು. ಆವಾಗ ಹೊಳೀತು. ನಿನ್ನ ಕಾರು ಹಾಳು ಮಾಡಿದ್ದು ನಾನೇ ಅಂತ. ಹೇಳಕ್ಕೆ ಬಾಯೇ ಬರ್ಲಿಲ್ಲ ಕಣೆ."

ನನಗೆ ಅಳು ಬಂತು. ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು. ಎಂಟು ತಿಂಗಳು ಈ ಹೆಂಗಸಿನ ಮೇಲೆ ನಾನು ಹಲ್ಲು ಮಸೆದಿದ್ದೆ. ಅವರ ಹಟ ಎಂದು ನಾನು ಅಂದುಕೊಂಡದ್ದೆಲ್ಲ ನನ್ನ ಕೈ ನಡುಗದಿರಲಿ ಎಂದು ಅವರು ಮಾಡಿದ ಉಪಾಯವಾಗಿತ್ತು. ಅವರನ್ನು ತಬ್ಬಿಕೊಂಡೆ. ನಮ್ಮಲ್ಲಿ ಅತ್ತೆ ಸೊಸೆ ತಬ್ಬಿಕೊಳ್ಳುವ ರೂಢಿಯಿಲ್ಲ. ಇಬ್ಬರಿಗೂ ಕೈ ಎಲ್ಲಿ ಇಡುವುದು ಎಂದು ಗೊತ್ತಾಗಲಿಲ್ಲ. ಮೇಲೆ ಬಾಲ್ಕನಿಯಿಂದ ಯಜಮಾನರು, ಇನ್ನು ಹತ್ತು ನಿಮಿಷ, ಎಂದು ಕೂಗಿದರು.

ಆಮೇಲಿನ ಕೆಲಸ ಹತ್ತು ನಿಮಿಷದ್ದೇ. ರಬ್ಬರು ಕೂರುವ ತಗಡಿನ ಅಂಚನ್ನು ಒರೆಸಿ ಒಣಗಿಸಿದೆ. ಗಂಟು ಒತ್ತಿ ಒತ್ತಿ ಬೀಡಿಂಗು ಆ ಜಾಗದಲ್ಲಿ ಉಬ್ಬಿ ವಾರೆಯಾಗಿತ್ತು. ಹೇರ್ ಡ್ರೈಯರಿನಲ್ಲಿ ಬಿಸಿ ಮಾಡಿದಾಗ ಮೆತ್ತಗಾಯಿತು. ಬೆರಳಿನಿಂದ ನೀವಿ, ಹೆಬ್ಬೆರಳಿನಿಂದ ಒತ್ತುತ್ತ ಹೋದಾಗ ಟಪ್ಪೆಂದು ತನ್ನ ಜಾಗಕ್ಕೆ ಕೂತಿತು. ಅತ್ತೆ ಕೇಳದೆಯೇ ಮತ್ತೆ ಮಂಕಿ ಕ್ಯಾಪ್ ಹಾಕಿಕೊಂಡು ಡಿಕ್ಕಿ ಹತ್ತಿದರು. ನಾನು ಎಡಮೂಲೆಗೆ ಒಂದರ ಹಿಂದೊಂದು ಎರಡು ಕ್ಯಾನು ನೀರು ಸುರಿದೆ.

"ಬಂತಾ ಅತ್ತೆ?"

"ಇಲ್ಲಾ!" ಎಂದು ಇಡೀ ಅಂಗಳಕ್ಕೆ ಕೇಳುವ ಹಾಗೆ ಕೂಗಿದರು. ಯಜಮಾನರು ಬಾಲ್ಕನಿಯಿಂದ ಹೆಬ್ಬೆರಳು ಎತ್ತಿ ತೋರಿಸಿ ಒಳಗೆ ಹೋದರು.

ಗಂಡ ಕ್ರಿಕೆಟ್ ಮುಗಿಸಿಕೊಂಡು ಬಂದಾಗ, "ಬೀಡಿಂಗ್ ಸರಿಯಾಗಿ ಕೂತಿರ್ಲಿಲ್ಲ ರೀ," ಎಂದೆ. ಅತ್ತೆಯ ಮುಂದೆ ಮಾತ್ರ ಅವನು ನನಗೆ 'ರೀ'. ಅತ್ತೆ ಉಸಿರು ಬಿಗಿಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದರು. ಅಷ್ಟಕ್ಕೇ ನಿಲ್ಲಿಸಿದೆ. ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. "ಅಮ್ಮನ ಮೂಗಿಗೇನಾಯ್ತು?" ಎಂದ ಅವನು. ಇವತ್ತಿನವರೆಗೂ ಅವನಿಗೆ ಗೊತ್ತಿಲ್ಲ. ಇದನ್ನು ಓದಿ ಗೊತ್ತಾದರೆ ಆಗಲಿ.

ಅವನು ನಂಬುವ ಆಸಾಮಿಯಲ್ಲ. ಸ್ಟೆಪ್ನಿಯ ಗುಂಡಿಗೆ ಹಳೆಯ ಪೇಪರ್ ಹಾಸಿದ. ರಾತ್ರಿ ಇಡೀ ಮಳೆ ಹುಯ್ಯಿತು. ಸೋಮವಾರ ನಾನು ಶಿಫ್ಟಿಗೆ ಹೋಗಿ ಬರುವಾಗಲೂ ಬಿಡಲಿಲ್ಲ. ಸಂಜೆ ಅವನು ಗುಂಡಿಗೆ ಕೈ ಹಾಕಿ ಪೇಪರ್ ಎತ್ತಿದ. ಗರಿಗರಿಯಾಗಿತ್ತು. ಅದನ್ನು ಒಂದು ಸಲ ತಿರುಗಿಸಿ ನೋಡಿ, ಕಾರು ನೋಡಲು ಬರಬೇಕಿದ್ದವರಿಗೆ ಫೋನ್ ಮಾಡಿ ಬರಬೇಡಿ ಎಂದ. ಮಾತಿಗೆ ತಪ್ಪುವವನಲ್ಲ ಅವನು. ಅದನ್ನೂ ಇಲ್ಲಿ ಬರೆಯದಿದ್ದರೆ ತಪ್ಪಾಗುತ್ತದೆ.

ಅವನು ಮೇಲೆ ಹೋದ ಮೇಲೆ ಅತ್ತೆಗೆ ಹೇಳಿದೆ: "ಹೊಸದೊಂದು ಗಂಟು ಕಟ್ಟಿಕೊಡಿ. ಈ ಸಲ ಮುಂದೆ ಇಡೋಣ, ಎಲ್ಲರಿಗೂ ಕಾಣೋ ಹಾಗೆ. ಯಾರು ನಗಾಡ್ತಾರೋ ನೋಡ್ತೀನಿ."

"ಬೇಡ," ಎಂದರು ಅತ್ತೆ. "ಕರಿಬೇವು ಮುಗಿದಿದೆ. ನಡಿ, ನಾನೂ ಬರ್ತೀನಿ."

ಅಭ್ಯಾಸಬಲದಿಂದ ಎಡಗಡೆಯ ಬಾಗಿಲು ತೆಗೆದರು. ಅಲ್ಲಿ ಸ್ಟೀರಿಂಗ್ ಇತ್ತು. ಸುತ್ತಿಕೊಂಡು ಬಂದು ಬಲಗಡೆ ಕೂತು, ಬೆಲ್ಟ್ ಹಾಕಿಸಿಕೊಂಡು, ಬಾಗಿಲ ಮೇಲಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದರು. ಮಳೆ ಬರುತ್ತಲೇ ಇತ್ತು. ಗಾಜಿನ ಒಳಗೆ ಎಲ್ಲೂ ಮಂಜಿಲ್ಲ, ರಸ್ತೆ ಸ್ವಚ್ಛವಾಗಿ ಕಾಣುತ್ತಿತ್ತು. ಹಿಂದಿನ ವರ್ಷದ ಅದೇ ಜಾಗ ಬಂತು. ಬಲಗಡೆಯಿಂದ ರೇನ್‌ಕೋಟ್ ಹಾಕಿಕೊಂಡ ಹುಡುಗಿಯೊಬ್ಬಳು ಸೈಕಲ್ಲಿನಲ್ಲಿ ಬಿರುಸಾಗಿ ನುಗ್ಗಿದಳು. ನಾನು ಬ್ರೇಕ್ ಒತ್ತಿದೆ. ಕಾರು ಮೆತ್ತಗೆ ನಿಂತಿತು, ಹುಡುಗಿ ಕೈ ಬೀಸಿ ಹೋದಳು. ಪಕ್ಕದಿಂದ ಒಂದು ಸದ್ದೂ ಬರಲಿಲ್ಲ.

ತಿರುಗಿ ನೋಡಿದೆ. ಅತ್ತೆ ಕಣ್ಣು ಇಷ್ಟಗಲ ಬಿಟ್ಟುಕೊಂಡು, ಸೆರಗನ್ನು ಮುದ್ದೆ ಮಾಡಿ ಬಾಯಿಗೆ ತುರುಕಿ, ಹಲ್ಲಿನಿಂದ ಕಚ್ಚಿ ಹಿಡಿದಿದ್ದರು. ಅಂಗಡಿ ಬರುವವರೆಗೂ ಬಿಡಲಿಲ್ಲ. ಕಾರು ನಿಲ್ಲಿಸಿದ ಮೇಲೆ ಅದನ್ನು ಹೊರಗೆ ತೆಗೆದು, ಮೊಣಕಾಲಿನ ಮೇಲೆ ಹರಡಿ, ಕೈಯಿಂದ ನೀವಿಕೊಂಡರು. ಅವತ್ತು ಆ ಕಾರಿನೊಳಗೆ ಒದ್ದೆಯಾಗಿದ್ದದ್ದು ಅದೊಂದೇ.